ನಾನು ನಿಲ್ಲಿಸಿದ ಮಾತ್ರೆ

ಹೋದ ವರ್ಷ ಯುಗಾದಿ ಕಳೆದ ಮೇಲೆ ನಡೆದದ್ದು. ನಾನು ಮಲ್ಲೇಶ್ವರಂ ಮಾರ್ಕೆಟ್ಟಿನ ಹತ್ತಿರ ಸೊಪ್ಪು ಮಾರುವವಳು. ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಯಜಮಾನರು ಅವೆನ್ಯೂ ರಸ್ತೆಯಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಕೆಲಸದಲ್ಲಿದ್ದರು. ಅವರಿಗೆ ಮರೆವಿನ ಕಾಯಿಲೆ ಬಂತು. ಡಾಕ್ಟರು ಆಲ್ಝೈಮರ್ ಎಂದರು, ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿಕೊಂಡು ಒಂದು ಮಟ್ಟಕ್ಕೆ ಇದ್ದರು. ಊಟ ಮಾಡಿದ್ದು ಮರೆಯುತ್ತಿದ್ದರು, ಮಗಳಿಗೆ ಮದುವೆಯಾಗಿದೆ ಅನ್ನುವುದನ್ನೂ ಮರೆಯುತ್ತಿದ್ದರು. ಆದರೆ ನಾನು ಮನೆಗೆ ಬಂದರೆ ಸಾಕು, "ಬಂದ್ಯಾ ಪುಟ್ಟಿ, ಕಾಫಿ ಇಡು" ಅನ್ನುತ್ತಿದ್ದರು. ನನಗೆ ಅಷ್ಟೇ ಬೇಕಿತ್ತು.

ರಮ್ಯಾ ಅಂತ ಒಬ್ಬಳು ಹುಡುಗಿ ವಾರಕ್ಕೊಮ್ಮೆ ಬಂದು, ಇದ್ದಷ್ಟೂ ಒಂದೆಲಗ ಬೇರು ಸಮೇತ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟೆ.

"ಏನಮ್ಮ, ನಿಮ್ಮನೇಲಿ ದಿನಾ ಚಟ್ನೀನಾ?"

"ಅಯ್ಯೋ ಅಜ್ಜಿ, ಇದು ಲ್ಯಾಬಿಗೆ. ಇದರ ಸಾರ ತೆಗೆದು, ಕಣ್ಣಿಗೇ ಕಾಣದಷ್ಟು ಸಣ್ಣ ಕಣ ಮಾಡ್ತೀವಿ. ಮಿದುಳಿಗೆ ಒಂದು ಬೇಲಿ ಇರುತ್ತೆ, ಎಲ್ಲಾ ಔಷಧೀನೂ ಒಳಗೆ ಬಿಡಲ್ಲ. ಅಷ್ಟು ಸಣ್ಣದಾದ್ರೆ ನುಸುಳಬಹುದು ಅಂತ. ಮರೆವಿನ ಕಾಯಿಲೆಗೆ."

ಕಟ್ಟುತ್ತಿದ್ದ ಸೊಪ್ಪು ಪಕ್ಕಕ್ಕಿಟ್ಟೆ. "ಯಾರಿಗಾದ್ರೂ ವಾಸಿ ಆಗಿದ್ಯಾ?"

"ಇಲ್ಲ ಅಜ್ಜಿ. ಇನ್ನೂ ಇಲಿಗಳಿಗೆ ಕೊಟ್ಟು ನೋಡ್ತಿದೀವಿ. ಜನಕ್ಕೆ ಬರೋಕೆ ತುಂಬಾ ವರ್ಷ ಬೇಕು, ಬರದೇನೂ ಹೋಗಬಹುದು."

ಆ ಮಾತು ನನಗೆ ಹಿಡಿಸಲಿಲ್ಲ. ಇಲಿಗೆ ಕೊಡುವುದನ್ನು ಮನುಷ್ಯನಿಗೆ ಕೊಟ್ಟರೆ ಏನು ನಷ್ಟ? ಸೊಪ್ಪು ನನ್ನದೇ. ನುಣ್ಣಗೆ ಮಾಡುವುದು ನನಗೇನು ಗೊತ್ತಿಲ್ಲವೇ? ಮೂರು ಮಕ್ಕಳಿಗೆ ಬಜೆ ತೇಯ್ದು ನೆಕ್ಕಿಸಿದವಳು ನಾನು.

ಎಲೆ ನೆರಳಲ್ಲಿ ಒಣಗಿಸಿದೆ. ಕುಟ್ಟಿ, ಅವರ ಹಳೇ ಪಂಚೆಯಲ್ಲಿ ಮೂರು ಸಲ ಜರಡಿ ಹಿಡಿದೆ. ಕೆಳಗೆ ಬಿದ್ದ ಪುಡಿಯನ್ನು ಬಜೆ ತೇಯುವ ಕಲ್ಲಿನ ಮೇಲೆ ಜೇನುತುಪ್ಪ ಹಾಕಿ ತೇಯ್ದೆ. ಬೆರಳಿಗೆ ತರಿ ಸಿಗದಷ್ಟು ನುಣ್ಣಗಾಯಿತು. ದಿನಾ ಬೆಳಗ್ಗೆ ಅವರಿಗೆ ನೆಕ್ಕಿಸಿದೆ. ನಾಟಿ ಔಷಧಿ, ಇಂಗ್ಲಿಷ್ ಔಷಧಿ ಎರಡೂ ಒಂದೇ ಹೊಟ್ಟೆಗೆ ಹಾಕಬಾರದು ಅಂತ ನಮ್ಮ ಕಡೆ ಪಥ್ಯ. ಮಾತ್ರೆ ನಿಲ್ಲಿಸಿದೆ. ಮಗಳಿಗೂ ಹೇಳಲಿಲ್ಲ.

ಒಂದು ತಿಂಗಳು ಆಗಿರಬೇಕು. ಮಧ್ಯಾಹ್ನ ಮನೆಗೆ ಬಂದೆ. ಅವರು ಗೋಡೆಗೆ ಒತ್ತಿಕೊಂಡು ನಿಂತುಬಿಟ್ಟರು. "ಯಾರಮ್ಮ ನೀನು? ಒಳಗ್ಯಾಕೆ ಬಂದೆ?" ಎಂದು ಕೂಗಿದರು.

ಮಗಳನ್ನು ಕರೆಸಿ, ಇಬ್ಬರೂ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. "ಮಾತ್ರೆ ಕೊಡ್ತಿದೀರಾ?" ಎಂದರು. ಸುಳ್ಳು ಹೇಳಲಿಲ್ಲ.

"ಅದು ವಾಸಿ ಮಾಡೋ ಮಾತ್ರೆ ಅಲ್ಲಮ್ಮ. ಆದ್ರೆ ಸ್ವಲ್ಪ ತಡೆದು ಹಿಡಿದಿತ್ತು. ಮತ್ತೆ ಶುರು ಮಾಡೋಣ. ಹೋಗಿದ್ದು ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ."

ಬರಲಿಲ್ಲ. ಮಗಳು ಎರಡು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು.

ರಮ್ಯಾಗೆ ಹೇಳಿದಾಗ ಅವಳು ನನ್ನ ಗೋಣಿಚೀಲದ ಮೇಲೇ ಕೂತು ಅತ್ತಳು. "ನಾನು ಬಾಯಿಬಿಡಬಾರದಿತ್ತು ಅಜ್ಜಿ."

"ಏಳೇ, ಗಿರಾಕಿ ಬರೋ ಹೊತ್ತು. ನೀನು ಇಲಿ ಅಂತ ಹೇಳಿದ್ದೆ. ಕೇಳಿಸಿಕೊಳ್ಳದೇ ಹೋದೋಳು ನಾನು" ಎಂದು ಗದರಿದೆ. ಈಗಲೂ ಸೊಪ್ಪಿಗೆ ಬರುತ್ತಾಳೆ. ಅವಳ ಔಷಧಿ ಎಂದಾದರೂ ಆಗಲಿ, ಬೇರೆಯವರಿಗಾದರೂ ಆಗಲಿ.

ಮಾತ್ರೆ ಕೊಟ್ಟಿದ್ದರೂ ಅವರು ಒಂದು ದಿನ ನನ್ನನ್ನು ಮರೆಯುತ್ತಿದ್ದರಂತೆ, ಡಾಕ್ಟರೇ ಹೇಳಿದರು. ಇರಬಹುದು. ಆದರೆ ಇನ್ನೂ ಆರು ತಿಂಗಳೋ ಒಂದು ವರ್ಷವೋ ಪುಟ್ಟಿ ಅನ್ನುತ್ತಿದ್ದರೇನೋ. ಅದನ್ನು ನನ್ನ ಕೈಯಾರೆ ಕಳೆದೆ. ಯಾರು ಸಮಾಧಾನ ಹೇಳಿದರೂ ನನಗೆ ಬೇಡ.

ಈಗ ದಿನಾ ಬೆಳಗ್ಗೆ ಮಾತ್ರೆ ಹಿಡಿದು ಹೋದರೆ ಕೈ ಮುಗಿಯುತ್ತಾರೆ. "ತಾಯಿ, ನಿಮಗ್ಯಾಕೆ ತೊಂದರೆ? ನಿಮ್ಮನೆಯವರು ಕಾಯ್ತಿರ್ತಾರೆ, ಹೊರಡಿ."

"ಹೊರಡ್ತೀನಿ. ಮೊದಲು ಇದನ್ನ ನುಂಗಿ" ಅನ್ನುತ್ತೇನೆ.

ತಕರಾರಿಲ್ಲದೆ ನುಂಗುತ್ತಾರೆ. ಹೆಂಡತಿ ಅಂತ ಗೊತ್ತಿದ್ದಾಗ ಒಂದು ದಿನವೂ ಹೀಗೆ ನನ್ನ ಮಾತು ಕೇಳಿದವರಲ್ಲ.