ಹೋಗುವಾಗ ‘ಬರ್ತೀನಿ’ ಅನ್ನುವ ದೆವ್ವ

ನಿಮ್ಮ ಮನೆಗೆ ಬಂದ ದೆವ್ವ ಉಂಡು, ಕೈ ತೊಳೆದು, ಹೊರಡುವಾಗ ಏನು ಹೇಳಿ ಹೊರಡುತ್ತದೆ, ಗೊತ್ತೇನು? ಗೊತ್ತಿಲ್ಲ ಅನ್ನಬೇಡಿ. ನೀವೇ ದಿನಕ್ಕೆ ನಾಲ್ಕು ಸಲ ಹೇಳುತ್ತೀರಿ. ತಡೆಯಿರಿ, ಹೇಳುತ್ತೇನೆ. ಫೋನಿನಲ್ಲಿ ಟೈಪು ಮಾಡಲು ಕಲಿತು ನನಗಿನ್ನೂ ಆರು ತಿಂಗಳಾಗಿಲ್ಲ, ಒಂದೇ ಬೆರಳಿನ ಪ್ರಯಾಣ ಇದು.

ನನ್ನ ಮೊಮ್ಮಗಳು ಇಲ್ಲಿ ಪರದೇಶದಲ್ಲಿ, ಎಮರಿವಿಲ್‌ನಲ್ಲಿ ಸಿನಿಮಾಗಳಿಗೆ ಸದ್ದು ಮಾಡುವ ಕೆಲಸದಲ್ಲಿದ್ದಾಳೆ. ಸಂಗೀತವಲ್ಲ, ಸದ್ದು. ಬಾಗಿಲು ಕಿರುಗುಟ್ಟುವುದು, ಒದ್ದೆ ಕಾಲು ನೆಲಕ್ಕೆ ತಾಗುವುದು, ಕತ್ತಲಲ್ಲಿ ಯಾರೋ ಉಸಿರು ಎಳೆದುಕೊಳ್ಳುವುದು. ನಾನಿರುವುದು ಅಷ್ಟೇನೂ ದೂರವಲ್ಲದ ಪ್ಲೆಸೆಂಟನ್‌ನಲ್ಲಿ, ಅವಳ ಅಮ್ಮನ, ಎಂದರೆ ನನ್ನ ಮಗಳ ಮನೆಯಲ್ಲಿ. ಒಮ್ಮೆ ನಾನು ಹಪ್ಪಳ ಮುರಿದು ತಿನ್ನುವ ಸದ್ದನ್ನು ಹಿಡಿದುಕೊಂಡು ಹೋಗಿ ಯಾವನದೋ ಎಲುಬು ಮುರಿಯುವುದಕ್ಕೆ ಹಚ್ಚಿದ್ದಳು. ಅಂದಿನಿಂದ ಅವಳು ಬಂದಾಗ ನಾನು ಹಪ್ಪಳವನ್ನು ನೀರಲ್ಲಿ ನೆನೆಸಿಕೊಂಡು ತಿನ್ನುತ್ತೇನೆ.

ಈಗ ಹೇಳುವ ಸಿನಿಮಾ ಒಂದು ಮಾಂಗಾದಿಂದ ಬಂದದ್ದು. ಮಾಂಗಾ ಎಂದರೆ ಜಪಾನಿನವರ ಚಿತ್ರಕಥೆಯ ಪುಸ್ತಕ, ಕಡೆಯ ಪುಟದಿಂದ ಶುರು ಮಾಡಿ ಓದಬೇಕು. ಮೊಮ್ಮಗಳು ಹೈಸ್ಕೂಲಿನಲ್ಲಿದ್ದಾಗ ನನ್ನ ಪಕ್ಕ ಕೂತು ಆ ಪುಸ್ತಕವನ್ನು ಪುಟ ಪುಟವಾಗಿ ತೋರಿಸಿದ್ದಳು. ಕಥೆ ಇಷ್ಟೇ. ಬೂದು ಬಣ್ಣದ ಬಟ್ಟೆಯ ಹೆಂಗಸೊಬ್ಬಳು ಸರಿಯಾಗಿ ಊಟದ ಹೊತ್ತಿಗೆ ಮನೆಗಳಿಗೆ ಬರುತ್ತಾಳೆ. ಮನೆಯವರು ಒಬ್ಬರೂ ನೀನು ಯಾರೆಂದು ಕೇಳುವುದಿಲ್ಲ. ಗಂಡ ಅವಳನ್ನು ಹೆಂಡತಿಯ ಕಡೆಯವಳು ಅಂದುಕೊಳ್ಳುತ್ತಾನೆ, ಹೆಂಡತಿ ಗಂಡನ ಕಡೆಯವಳು ಅಂದುಕೊಳ್ಳುತ್ತಾಳೆ. ಅವಳು ಉಣ್ಣುತ್ತಾಳೆ, ಎದ್ದು ಹೊರಡುತ್ತಾಳೆ. ಆಮೇಲೆ ನೋಡಿದರೆ ಬಾಗಿಲ ಬಳಿ ಒಂದು ಜೊತೆ ಚಪ್ಪಲಿ ಹೆಚ್ಚಿಗೆ ಇರುತ್ತದೆ.

ಎಂದರೆ ಅವಳು ಹೋಗಿಲ್ಲ.

ಪುಸ್ತಕದಲ್ಲಿ ಅವಳು ಹೊಸ್ತಿಲು ದಾಟುವಾಗ ಬಾಯಿಯ ಪಕ್ಕ ಮಾತಿನ ಗುಳ್ಳೆ ಬರೆದಿದ್ದಾರೆ, ಒಳಗೆ ಅಕ್ಷರವಿಲ್ಲ. ಖಾಲಿ. ಆ ಖಾಲಿ ಗುಳ್ಳೆಯ ಬಗ್ಗೆ ಅಭಿಮಾನಿಗಳು ವರ್ಷಗಟ್ಟಲೆ ಜಗಳವಾಡಿದ್ದಾರಂತೆ. ಸಿನಿಮಾದವರು ನೀರಿನಂತೆ ದುಡ್ಡು ಸುರಿದು ಕಥೆಯನ್ನು ಪರದೆಗೆ ತಂದರು. ಫ್ರೀವೇ ಪಕ್ಕದಲ್ಲಿ ಅವಳ ಬೆನ್ನಿನ ಚಿತ್ರ ನಿಲ್ಲಿಸಿದರು, ಮೂರು ಆಳು ಎತ್ತರ. ನನ್ನ ಮೊಮ್ಮಗಳಿಗೆ ಸಿಕ್ಕಿದ್ದು ಆ ಹೊಸ್ತಿಲಿನ ಕ್ಷಣ. ಗುಳ್ಳೆ ಖಾಲಿ ಇರಬಹುದು, ಥಿಯೇಟರು ಖಾಲಿ ಇರಲಾಗದು, ಏನಾದರೂ ಕೇಳಿಸಬೇಕು ಎಂದರಂತೆ ಅವಳ ಮೇಲಿನವರು. ಅವಳು ಒಂದು ಪಿಸುಮಾತು ಹಾಕಿದಳು.

ಸಿನಿಮಾ ಬಿಡುಗಡೆಯಾಯಿತು, ಬೈಗುಳವೂ ಬಿಡುಗಡೆಯಾಯಿತು. ಮೊಮ್ಮಗಳ ಹೆಸರು ಕೊನೆಯಲ್ಲಿ ಪರದೆಯ ಮೇಲೆ ಮೊದಲ ಸಲ ಬಂದ ಚಿತ್ರ ಅದು, ಹಾಗಾಗಿ ನಾನು ಪ್ರತಿ ದಿನ ಮುಂಜಾನೆ ಚಹದ ಜೊತೆ ಬೈಗುಳ ಓದುತ್ತಿದ್ದೆ. ಫೋನಿನಲ್ಲಿ ‘ಅನುವಾದ’ ಎಂಬುದನ್ನು ಒತ್ತಿದರೆ ಎಲ್ಲವೂ ಕನ್ನಡವಾಗುತ್ತದೆ, ಒಂದು ತರಹದ ಕನ್ನಡ. ‘ಈ ಚಿತ್ರವು ನನ್ನ ಬಾಲ್ಯವನ್ನು ಅಗಿದಿದೆ’ ಎಂದು ಒಬ್ಬ ಬರೆದಿದ್ದ. ಪತ್ರಿಕೆಯ ವಿಮರ್ಶಕರು ಹೆದರಿಕೆ ಸಾಲದು, ಪರದೆಯ ಮಂಜಿನಲ್ಲೂ ದುಡ್ಡೇ ಕಾಣುತ್ತದೆ ಎಂದರು. ಅಭಿಮಾನಿಗಳು ಹೆದರಿಕೆ ಇರಬೇಕಾದ ಜಾಗದಲ್ಲಿ ಇಲ್ಲ ಎಂದರು. ಇಬ್ಬರೂ ಕೂಡಿ ಕಚ್ಚಿದ್ದು ಆ ಪಿಸುಮಾತನ್ನು. ಖಾಲಿ ಗುಳ್ಳೆ ತುಂಬಿಸಲು ಇವರು ಯಾರು? ಅಷ್ಟಕ್ಕೂ ಅವಳು ಹೇಳುವುದೇನು? ಅವರ ಕಿವಿಗೆ ಅದು ಇಂಗ್ಲಿಷಿನಲ್ಲಿ ‘ಬರ್ತ್ ಇನ್ ಮೀ’ ಎಂದು ಕೇಳಿಸಿತ್ತು. ನನ್ನೊಳಗೆ ಹುಟ್ಟು. ಅದಕ್ಕೆ ಅರ್ಥ ಹಚ್ಚಿ ಹಚ್ಚಿ, ಅವಳ ಹೊಟ್ಟೆಯಲ್ಲಿ ಆ ಮನೆಗಳ ಮಕ್ಕಳೆಲ್ಲ ಇದ್ದಾರೆ ಎನ್ನುವವರೆಗೂ ಹೋಗಿದ್ದರು. ಕೆಲವರಂತೂ ಅದನ್ನು ಕೇಳಿದ ಮೇಲೆ ಮನೆಯ ಬಾಗಿಲ ಬಳಿ ಹೋಗಿ ಚಪ್ಪಲಿ ಲೆಕ್ಕ ಮಾಡಿದೆವು ಎಂದು ಬರೆದಿದ್ದರು.

ಒಂದು ಬುಧವಾರ ಮಗಳು ಹೇಳಿದಳು: “ಅವ್ವಾ, ಆ ದನಿ ತಗದ್ ಹಾಕ್ತಾಳಂತ ನಿನ್ನ ಮೊಮ್ಮಗಳು. ಮನ್ಯಾಗ ನೋಡೂ ಕಾಪಿ ಬರ್ತದಲ್ಲ, ಅದ್ರಾಗ ಇರೂದಿಲ್ಲಂತ. ‘ನಿನ್ನ ಸದ್ದು, ಇಡೂದೋ ತಗಿಯೂದೋ ನೀನ ಸೋಮವಾರ ಮೀಟಿಂಗ್‌ನ್ಯಾಗ ಹೇಳು’ ಅಂತ ಮ್ಯಾಲಿನವ್ರು ಅಂದಾರಂತ. ಅತ್ತಾಳ ಪಾಪ.”

“ತಗದ್ರ ತಗೀಲಿ ಬಿಡ. ತಗಿಯೂಕಿಂತ ಮದ್ಲ ನಾವೊಂದ್ಸಲ ಕೇಳಿ ಬರೂಣು,” ಎಂದೆ.

ಆ ಮಧ್ಯಾಹ್ನವೇ ಹೋದೆವು. ವಾರದ ನಡುವಿನ ಮ್ಯಾಟಿನಿ, ನಮ್ಮಿಬ್ಬರನ್ನು ಬಿಟ್ಟರೆ ಮುಂದೆ ಎಲ್ಲೋ ಎರಡು ತಲೆ. ಏಸಿ ಎಷ್ಟು ತಣ್ಣಗಿತ್ತೆಂದರೆ ಮೊಣಕಾಲು ನನ್ನದಲ್ಲ ಅನ್ನಿಸುತ್ತಿತ್ತು. ಸಿನಿಮಾ ನನಗೇನೂ ಹೆದರಿಕೆ ಹುಟ್ಟಿಸಲಿಲ್ಲ, ಆ ಹೆಂಗಸಿನ ಮುಖ ತೀರಾ ತೊಳೆದ ಮುಖ. ಮೊದಲನೆಯ ಮನೆಯಲ್ಲಿ ಉಂಡಳು. ಎದ್ದಳು. ಹೊಸ್ತಿಲಿಗೆ ಬಂದಳು. ಥಿಯೇಟರಿನ ಸದ್ದೆಲ್ಲ ನಿಂತಿತು. ಆಮೇಲೆ ನನ್ನ ಬಲಗಿವಿಯ ಹಿಂದೆ, ಇಷ್ಟೇ ಹತ್ತಿರ, ಯಾರೋ ಸಣ್ಣಗೆ ಉಸಿರು ಎಳೆದುಕೊಂಡು ಹೇಳಿದರು:

“ಬರ್ತೀನಿ, ಹಾಂ?”

ನಾನು ತಿರುಗಿ ನೋಡಿದೆ. ಹಿಂದಿನ ಸಾಲಿನಲ್ಲಿ ಖಾಲಿ ಕುರ್ಚಿಗಳು.

ಅದು ನಮ್ಮಕ್ಕನ ದನಿ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು, ಧಾರವಾಡದಲ್ಲಿ. ಮಾತಿನ ಮೊದಲು ಆ ಉಸಿರು, ಕೊನೆಗೆ ಅಪ್ಪಣೆ ಕೇಳುವಂಥ ಆ ‘ಹಾಂ’ ಅವಳೊಬ್ಬಳದೇ. ನಾನು ಯಾವತ್ತೂ ಹಾಗೆ ಹೇಳಿದವಳಲ್ಲ, ನನ್ನದು ಬಾಗಿಲು ಬಡಿದಂಥ ‘ಬರ್ತೀನಿ’. ಅವಳ ದನಿ ಎಲ್ಲೂ ಉಳಿದಿರಲಿಲ್ಲ. ಫೋಟೋಗಳಿವೆ, ಫೋಟೋ ಮಾತಾಡುವುದಿಲ್ಲ.

ಒಂದು ವಿಷಯ ಹೇಳದೆ ಮುಂದೆ ಹೋಗಲಾಗದು. ಅಕ್ಕ ಕೊನೆಯ ಸಲ ನಮ್ಮ ಮನೆಗೆ ಬಂದವಳು ಹೊರಡುವಾಗ, ಮಾತಿನ ಗಡಿಬಿಡಿಯಲ್ಲಿ, “ಹೋಗ್ತೀನಿ” ಎಂದುಬಿಟ್ಟಿದ್ದಳು. ಹಾಗೆ ಅನ್ನಬಾರದು, ನಿಮಗೆ ಗೊತ್ತು. ನಾನು ಬೈದೆ. ಅವಳು ಒಂದು ಕಾಲು ಚಪ್ಪಲಿಯಲ್ಲಿ ತೂರಿಸಿ, ಗೋಡೆ ಹಿಡಿದು ನಕ್ಕಳು: “ಮುಂದಿನ ಸಲ ಎರಡ್ ಸಲ ಬರ್ತೀನಿ ಅಂತೀನಿ, ಬಿಡ.” ಮುಂದಿನ ಸಲ ಎಂಬುದು ಬರಲಿಲ್ಲ.

ಸಿನಿಮಾದಲ್ಲಿ ಆ ಹೆಂಗಸು ಏಳು ಮನೆಗೆ ಹೋದಳು, ಏಳು ಸಲ ಹೇಳಿದಳು. ಪ್ರತಿ ಸಲವೂ ನಾನು ಕತ್ತಲಲ್ಲಿ “ಹೂಂ, ಬಾ” ಎಂದೆ. ಮಗಳು ನನ್ನ ಕೈ ಹಿಡಿದುಕೊಂಡಳು, ಚಳಿಗೆ ಅಂದುಕೊಂಡು. ಹೊರಗೆ ಬರುವಷ್ಟರಲ್ಲಿ ನನಗೆ ಒಂದೇ ಚಿಂತೆ. ಸೋಮವಾರ ಆ ದನಿಯನ್ನು ಅಳಿಸಗೊಡಬಾರದು.

ಮೊಮ್ಮಗಳಿಗೆ ಫೋನು ಮಾಡಿದರೆ ಎತ್ತಲಿಲ್ಲ. ಇದ್ದ ಆಯುಧವೆಂದರೆ ನನ್ನ ಒಂದು ಬೆರಳು. ಅಭಿಮಾನಿಗಳಿಗೇ ತಿಳಿಸಿ ಹೇಳಿದರಾಯಿತು ಎಂದುಕೊಂಡೆ. ಗುರುವಾರ ಅವರ ಪುಟಕ್ಕೆ ಹೋಗಿ, ‘ಮಕ್ಕಳೇ, ಹೆದರಬೇಡಿ’ ಎಂದು ಬರೆದೆ. ಕೆಳಗಿನ ಸಾಲಿಗೆ ಹೋಗಲು ಬಾಣದ ಗುರುತು ಒತ್ತಿದೆ. ‘ಬರ್ತೀನಿ’ ಎಂದು ಬರೆದೆ. ಮತ್ತೆ ಬಾಣ ಒತ್ತಿದೆ. ಅದರ ಅರ್ಥ, ನಮ್ಮ ಪದ್ಧತಿ, ಎಲ್ಲ ಇನ್ನು ಬರೆಯಬೇಕು, ಅಷ್ಟರಲ್ಲಿ ಮಗಳು ಊಟಕ್ಕೆ ಕರೆದಳು. ಉಂಡು, ಒಂದು ಗಳಿಗೆ ಅಡ್ಡಾಗಿ, ಆಮೇಲೆ ಬಂದು ನೋಡಿದೆ.

ಬಾಣ ಸಾಲು ಇಳಿಸುವುದಲ್ಲವಂತೆ, ಕಳಿಸುವುದಂತೆ.

ನನ್ನ ಬರಹದ ಪಕ್ಕ ಮುಖವಿಲ್ಲದ ಬೂದು ವೃತ್ತ. ಯಾರೋ ಅನುವಾದ ಒತ್ತಿ ನೋಡಿದ್ದರು. ಇಂಗ್ಲಿಷಿನಲ್ಲಿ ಅದು ಎರಡೇ ಸಾಲು ಆಗಿತ್ತು. ಮಕ್ಕಳೇ, ಹೆದರಬೇಡಿ. ನಾನು ಬರುತ್ತಿದ್ದೇನೆ.

ಕೆಳಗೆ ಉತ್ತರಗಳು ಇರುವೆಗಳ ಹಾಗೆ. ಯಾರು ನೀನು? ಎಲ್ಲಿಗೆ ಬರುತ್ತೀಯ? ಇದು ಕಂಪನಿಯವರ ಪ್ರಚಾರವೇ? ಒಬ್ಬಳು ಹುಡುಗಿ, ‘ನನ್ನ ಮನೆಯಲ್ಲಿ ಇವತ್ತು ಒಂದು ಜೊತೆ ಹೆಚ್ಚಿಗೆ ಇದೆ’ ಎಂದು ಬರೆದು, ಫೋಟೋ ಬೇರೆ ಹಾಕಿದ್ದಳು. ಹಸಿರು ಬಾಗಿಲು, ಕಾಲೊರಸು, ಅದರ ಮೇಲೆ ಸವೆದ ಚಪ್ಪಲಿ. ಆ ಫೋಟೋವನ್ನು ನಾನು ಬಹಳ ಹೊತ್ತು ನೋಡಿದೆ. ಹೆಬ್ಬೆರಳಿನ ಕಡೆಯ ಸವೆತ ನನಗೆ ಪರಿಚಯದ್ದು ಅನ್ನಿಸಿತು. ಎಲ್ಲ ಮುದುಕಿಯರ ಚಪ್ಪಲಿಯೂ ಅಲ್ಲೇ ಸವೆಯುತ್ತದೆ ಎಂದು ಸಮಾಧಾನ ಹೇಳಿಕೊಂಡು ಫೋನು ಮಗುಚಿಟ್ಟೆ.

ಶನಿವಾರ ಗ್ರೋಸರಿಗೆ ಹೋದಾಗ ಮೈಸೂರಿನ ಕಡೆಯ ಪರಿಚಯದವರು ಸಿಕ್ಕರು. ಮಾತು ಮುಗಿಸಿ ನಾನು “ಬರ್ತೀನ್ರೀ” ಎಂದೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹೈಸ್ಕೂಲು ಹುಡುಗಿಯ ಕೈಯಿಂದ ಚಿಪ್ಸಿನ ಚೀಲ ಬಿತ್ತು. ನನ್ನನ್ನೇ ನೋಡುತ್ತಿದ್ದಳು, ಮುಖದಲ್ಲಿ ರಕ್ತವಿಲ್ಲ. ಪಾಪ, ಸುಮ್ಮನೆ ಹೋಗಬೇಕಿತ್ತು ನಾನು. ಸಣ್ಣಗೆ ಉಸಿರು ಎಳೆದುಕೊಂಡು, “ಹಾಂ?” ಎಂದೆ. ಮಾಡಿ ತೋರಿಸಲು ಹೋದದ್ದು ನಾನು, ಆದರೆ ಬಾಯಿಂದ ಬಂದದ್ದು ಅಕ್ಕ. ಹುಡುಗಿಗಿಂತ ಮೊದಲು ನನ್ನ ಮೈಮೇಲೆ ಮುಳ್ಳು ಎದ್ದಿತು.

ರವಿವಾರ ಮಧ್ಯಾಹ್ನ ಮೊಮ್ಮಗಳು ಬಂದಳು. ಬಾಗಿಲಲ್ಲೇ ಶುರು.

“ಅಜ್ಜಿ, ನನ್ ಬಾಸ್ ನನಗ ಕೇಳಿದ್ರು, ಈ ಗ್ರೇ ಸರ್ಕಲ್ ನೀನಾ ಅಂತ. ಹೂ ಡಸ್ ದಟ್? ಎಲ್ಲಾರೂ ಫ್ರೀಕ್ ಔಟ್ ಆಗ್ಯಾರ!”

“ನಾ ಮಾಡಿದ್ದು. ಬಾಣ ಒತ್ತಿದೆ. ಮದ್ಲ ಒಳಗ ಬಾ.”

ನಾನು ಕೇಳಿದೆ: “ಆ ದೆವ್ವದ ಬಾಯಾಗ ಬರ್ತೀನಿ ಯಾಕ ಹಾಕೀದಿ?”

“ಆಕಿ ಹೊಂಟಾಳಲ್ಲ ಅಜ್ಜಿ. ಸೋ ಬೈ ಅಂತಾಳ. ಬರ್ತೀನಿ ಅಂದ್ರ ಬೈ.”

“ಬರ್ತೀನಿ ಅಂದ್ರ ಏನವಾ? ಬಿಡಿಸಿ ಹೇಳು.”

“ಬೈ!” ಎಂದಳು, ಕಿವುಡಿಗೆ ಹೇಳಿದ ಹಾಗೆ. ಆಮೇಲೆ ತುಟಿ ಅಲುಗಿಸಿ ತನ್ನಷ್ಟಕ್ಕೆ ಹೇಳಿಕೊಂಡಳು. ಬರ್ತೀನಿ, ಬರ್ತೀ, ಬರೂದು. ಅವಳ ಕಣ್ಣು ನಿಧಾನವಾಗಿ ದೊಡ್ಡವಾದವು. “ಓ ಮೈ ಗಾಡ್. ಐ ವಿಲ್ ಕಮ್. ಆಕಿ ಬರ್ತೀನಿ ಅಂತಾಳ!”

ಹುಟ್ಟಿದಾಗಿನಿಂದ ಈ ಮನೆಯ ಬಾಗಿಲಲ್ಲಿ ಆ ಮಾತು ಕೇಳಿದ್ದಾಳೆ, ಇಪ್ಪತ್ತಾರು ವರ್ಷ ಅದನ್ನು ಬರೀ ‘ಬೈ’ ಅಂದುಕೊಂಡಿದ್ದಾಳೆ. ಗುಳ್ಳೆಯೊಳಗೆ ಒಂದು ಮೆತ್ತನೆಯ ವಿದಾಯ ಇಟ್ಟೆ ಎಂದುಕೊಂಡವಳು, ಹೋಗಿದ್ದೂ ಹೋಗದ ಹೆಂಗಸಿಗೆ ಅವಳ ಸರಿಯಾದ ಮಾತನ್ನೇ ಕೊಟ್ಟಿದ್ದಳು.

ಆಗ ಅಕ್ಕನ ವಿಷಯ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. “ಇಲ್ಲ ಅಜ್ಜಿ, ಅದು ನಿನ್ನ ವಾಯ್ಸ್. ಹೋದ ಚಳಿಗಾಲ ಗರಾಜಿನಾಗ ರೆಕಾರ್ಡ್ ಮಾಡೀನಿ. ನೀ ವಾಕಿಂಗ್ ಹೊಂಟಿದ್ದಿ. ನಾ ಮೈಕ್ ಆನ್ ಇಟ್ಟು ಮ್ಯಾಲೆ ಬಂದಿದ್ದೆ. ಇರು, ಒರಿಜಿನಲ್ ಕೇಳಸ್ತೀನಿ.”

ಇಬ್ಬರೂ ಅದೇ ಗರಾಜಿನಲ್ಲಿ, ಅಕ್ಕಿಚೀಲದ ಪಕ್ಕ ಕೂತೆವು. ನನ್ನ ಕಿವಿಗೆ ದೊಡ್ಡ ಹೆಡ್‌ಫೋನು ಸಿಕ್ಕಿಸಿದಳು. ಮೊದಲು ಫ್ರಿಜ್ಜಿನ ಗುಂಯ್. ಆಮೇಲೆ ನನ್ನ ದನಿ, ಬಾಗಿಲು ಬಡಿದಂಥದು: ಬರ್ತೀನಿ. ಬಾಗಿಲು ಮುಚ್ಚಿತು. ನನ್ನ ಬೂಟಿನ ಸದ್ದು ಹೊರಗೆ, ದೂರ, ಇನ್ನೂ ದೂರ. ಫ್ರಿಜ್ಜೂ ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೈಕಿನ ತೀರಾ ಹತ್ತಿರ ಸಣ್ಣ ಉಸಿರು.

“ಬರ್ತೀನಿ. ಬರ್ತೀನಿ, ಹಾಂ?”

ಎರಡು ಸಲ.

“ಸಿನಿಮಾಕ್ಕ ಒಂದ್ ಕಟ್ ಮಾಡಿದೆ,” ಎಂದಳು ಮೊಮ್ಮಗಳು. “ನೀ ಶಾಲು ತಗೊಳ್ಳಾಕ ವಾಪಸ್ ಬಂದಿದ್ದಿ, ರೈಟ್?”

ಬಂದಿರಬಹುದು. ನನ್ನ ವಯಸ್ಸಿನಲ್ಲಿ ಶಾಲಿಗೋ ಕನ್ನಡಕಕ್ಕೋ ವಾಪಸು ಬರುವುದು ಇದ್ದದ್ದೇ. ಆದರೆ ವಾಪಸು ಬರುವ ಬೂಟಿನ ಸದ್ದು ಅದರಲ್ಲಿ ಇರಲಿಲ್ಲ. ಅವಳು ತನ್ನ ಕಿವಿಗೆ ಹಾಕಿಕೊಂಡು ಕೇಳಿದಳು, ಇನ್ನೊಮ್ಮೆ ಕೇಳಿದಳು. ಮೂರನೆಯ ಸಲಕ್ಕೆ ಹೆಡ್‌ಫೋನು ತೆಗೆದು ನನ್ನ ಪಕ್ಕಕ್ಕೆ ಸರಿದು ಕೂತಳು. ಅಷ್ಟು ಹೊತ್ತು ನಾವು ಅಲುಗಾಡದೆ ಕೂತದ್ದಕ್ಕೆ ಗರಾಜಿನ ದೀಪಗಳು ತಾವಾಗಿ ಆರಿದ್ದವು. ಯಾರಾದರೂ ನಡೆದಾಡಿದರೆ ಹೊತ್ತುವ ದೀಪಗಳು ಅವು. ಬಾಗಿಲ ಕಡೆಯದು ಒಂದು ಹೊತ್ತಿತು. ನಾವಿಬ್ಬರೂ ಕೂತೇ ಇದ್ದೆವು.

“ಅಳಿಸಬ್ಯಾಡವಾ,” ಎಂದೆ.

ಅವಳು ಹೆಡ್‌ಫೋನಿನ ವಯರು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಸಂಜೆಗೆ ಮೊದಲು ಹೊರಟಳು. ಯಾವಾಗಲೂ “ಬೈ ಅಜ್ಜಿ” ಅನ್ನುವವಳು ಬಾಗಿಲಲ್ಲಿ ನಿಂತು ಯೋಚಿಸಿ, ಏನೂ ಅನ್ನದೆ ಕಾರು ಹತ್ತಿದಳು.

ಸೋಮವಾರ ಮಧ್ಯಾಹ್ನ ಫೋನು ಬಂತು. ಮೀಟಿಂಗ್‌ನಲ್ಲಿ ಒರಿಜಿನಲ್ ಕೇಳಿಸಿದಳಂತೆ. ಮಾತಿನ ಅರ್ಥ ಹೇಳಿದಳಂತೆ. ಸುತ್ತಲೂ ಕೂತವರು ಇನ್ನೊಮ್ಮೆ ಹಾಕು ಎಂದರಂತೆ. ದನಿ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಮನೆಯಲ್ಲಿ ನೋಡುವ ಕಾಪಿಯಲ್ಲಿ ಕೊನೆಯ ಹೊಸ್ತಿಲಲ್ಲಿ ಅದು ಎರಡು ಸಲ ಬರುತ್ತದಂತೆ.

ನಾನು ಹಿಗ್ಗಿದೆ. ಅದನ್ನು ಮೊಮ್ಮಗಳಿಗೆ ತೋರಿಸುವುದುಂಟೇ? ನಾಲಿಗೆ ಚುರುಕು ಮಾಡಿಕೊಂಡೆ.

“ಚೊಲೋ ಆತು. ನಮ್ಮಕ್ಕ ಇನ್ನ ಊರೆಲ್ಲಾ ತಿರಗ್ತಾಳ. ನಾಳೆ ನಾ ಸತ್ತ ಮ್ಯಾಲೆ ನಾನೂ ಆಕಿ ಜೋಡಿ ನಿನ್ನ ಅಪಾರ್ಟ್‌ಮೆಂಟಿಗೆ ಬರ್ತೀನಿ, ನೋಡ್ತಿರು. ಹೆದರ್ತಿ ಏನ?”

ಆ ಹುಡುಗಿ, ನನ್ನ ಜೊತೆ ಇಂಗ್ಲಿಷು ಬೆರೆಸದೆ ಎರಡು ಮಾತು ಆಡದವಳು, ಒಂದೇ ಒಂದು ಇಂಗ್ಲಿಷು ಮಾತಿಲ್ಲದೆ ಅಂದಳು:

“ಇಬ್ರೂ ಬರ್ರಿ ಅಜ್ಜಿ, ಉಂಡ ಹೋಗ್ರಿ. ಚಪ್ಪಲಿ ಮಾತ್ರ ಮರೀಲಾರ್ದ ಹಾಕ್ಕೊಂಡ ಹೋಗ್ರಿ.”