ಐದೂವರೆಯ ಸ್ವಿಚ್ಚು

ಮೊನ್ನೆ ಮಂಗಳವಾರ ಸಂಜೆ ನಾನು ನಮ್ಮ ಬೀದಿಯ ನಡುವೆ ನಿಂತು ಫೋನಿನಲ್ಲಿ ಕಿರುಚುತ್ತಿದ್ದೆ. ಜಗಳವೇನಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮಂಥ ಬೀದಿಯಲ್ಲಿ ಮಾತಾಡುವುದೇ ಹಾಗೆ. ಎರಡೂ ಕಡೆಯ ಮನೆಗಳ ಹಿಂದೆ ಪವರ್‌ಲೂಮ್ ಮಗ್ಗಗಳು ಖಟಪಟ ಎನ್ನುತ್ತಿರುವಾಗ ಪ್ರೀತಿಯ ಮಾತನ್ನೂ ಹರಾಜು ಕೂಗಿದ ಹಾಗೆ ಕೂಗಬೇಕು. ಆ ಕಡೆ ಇದ್ದವರು ಇಮ್ರಾನ್ ಭಾಯ್. ಆರ್ಕೆಸ್ಟ್ರಾ ನಡೆಸುವವರು, ನನಗೆ ಮಿಮಿಕ್ರಿ ಪ್ರೋಗ್ರಾಂ ಕೊಡಿಸುವವರು. ಗುರುವಾರ ಹೊಸಕೋಟೆಯಲ್ಲಿ ಒಂದು ರಿಸೆಪ್ಷನ್ ಇದೆ, ಬಾ ಎನ್ನುತ್ತಿದ್ದರು. ನಾನು ಗಂಟಲನ್ನು ಇನ್ನಷ್ಟು ಏರಿಸಿ, "ಗುರುವಾರ ಆಗಲ್ಲ ಭಾಯ್, ಶನಿವಾರ ಭಾನುವಾರ ಬಿಟ್ರೆ ನಾನು ಬಾಯಿ ಬಾಡಿಗೆಗೆ ಕೊಡಲ್ಲ" ಎನ್ನುತ್ತಿದ್ದೆ. ವಾಕ್ಯದ ಅರ್ಧದಲ್ಲಿ ಕರೆಂಟು ಹೋಯಿತು.

ಮಗ್ಗಗಳೆಲ್ಲ ಒಂದೇ ಸಲ ನಿಂತವು. ಬಾಡಿಗೆಯ ಬಾಯಿ ಮಾತ್ರ ನಿಲ್ಲಲಿಲ್ಲ. ನನ್ನ ವಾಕ್ಯದ ಬಾಲ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ಹಾಲಿನ ಡೈರಿಯ ಗೋಡೆಗೆ ಬಡಿದು ವಾಪಸು ಬಂತು. ಒಬ್ಬೊಬ್ಬರೇ ಬಾಗಿಲಿಗೆ ಬಂದು ನೋಡಿದರು. ತೆರೆದ ಬಾಗಿಲುಗಳಿಂದ ಬಿಸಿಯಾದ ಮೋಟಾರು, ಮಗ್ಗದ ಎಣ್ಣೆ, ಗಂಜಿ ಹಾಕಿದ ನೂಲು ಎಲ್ಲ ಸೇರಿದ ಒಂದು ವಾಸನೆ ಬಂತು. ಎದುರು ಮನೆಯಿಂದ ರತ್ನತ್ತೆಯೂ ಹೊರಗೆ ಬಂದು ಜಗಲಿಯ ಮೇಲೆ ಕೂತರು. ಅವರ ಮುಖ ನೋಡಿದರೆ ಪೂರ್ತಿ ಕೇಳಿಸಿಕೊಂಡಿದ್ದಾರೆ ಎಂದು ಗೊತ್ತಾಗುತ್ತಿತ್ತು. ಆ ವಾಸನೆಗೂ ಆ ಜಗಲಿಗೂ ನನ್ನ ಗಂಟಲಿಗೂ ಒಂದು ಸಂಬಂಧವಿದೆ. ಕರೆಂಟು ಬರುವವರೆಗೆ ಹೇಗಿದ್ದರೂ ಕೆಲಸವಿಲ್ಲ, ಕೇಳಿ.

ರತ್ನತ್ತೆ ನಮ್ಮಪ್ಪನ ತಂಗಿ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಮಗ್ಗ. ಮಾವ ತೀರಿಕೊಂಡ ಮೇಲೂ ಒಂದನ್ನೂ ಕಮ್ಮಿ ಮಾಡಲಿಲ್ಲ. ಬೀದಿಯವರೆಲ್ಲ ಕರೆಂಟು ಇರುವಷ್ಟು ಹೊತ್ತು ಮಗ್ಗ ಓಡಿಸಿದರೆ, ಅತ್ತೆ ಮಾತ್ರ ಸಂಜೆ ಐದೂವರೆಗೆ ಮೈನ್ ಸ್ವಿಚ್ಚು ಕೆಳಗೆ ಎಳೆಯುತ್ತಾರೆ. ಹಬ್ಬದ ಸೀಸನ್ ಆಗಲಿ, ನೂಲು ಕೊಟ್ಟು ಸೀರೆ ನೇಯಿಸುವ ಸಾಹುಕಾರರು ಬಾಗಿಲಲ್ಲೇ ನಿಂತಿರಲಿ, ಸೆರಗಿಗೆ ಇನ್ನು ನಾಲ್ಕೇ ಬೆರಳು ಬಾಕಿ ಇರಲಿ. ಎಳೆದು, ಕೈ ತೊಳೆದು, ಲೋಟದಲ್ಲಿ ಟೀ ಹಿಡಿದು ಜಗಲಿಗೆ ಬಂದರೆ ಮುಗಿಯಿತು. ಬೀದಿಯಲ್ಲಿ ಅವರಿಗೆ 'ಆಫೀಸರಮ್ಮ' ಎಂಬ ಹೆಸರಿದೆ. ಇಟ್ಟವನು ನಾನೇ.

ಚಿಕ್ಕಂದಿನಿಂದ ಎದುರಿಗೆ ಸಿಕ್ಕವರನ್ನೆಲ್ಲ ಅಣಕಿಸುವುದು ನನ್ನ ಕಸುಬು. ಶಿವಗಂಗೆ ಬೆಟ್ಟದಲ್ಲಿ ಒಂದು ಕೋತಿಯನ್ನು ಅಣಕಿಸಿ, ಅದು ನನ್ನನ್ನು ಇನ್ನೂ ಚೆನ್ನಾಗಿ ಅಣಕಿಸಿದ್ದನ್ನು ನೋಡಿದ ಮೇಲೆ ಕೋತಿಗಳನ್ನು ಮಾತ್ರ ಬಿಟ್ಟಿದ್ದೇನೆ. ಆಫೀಸರಮ್ಮನ ಐಟಂ ನನ್ನ ಹಿಟ್ ಐಟಂ: ಇಲ್ಲದ ವಾಚು ನೋಡಿಕೊಳ್ಳುವುದು, ಇಲ್ಲದ ಫೈಲು ಕಂಕುಳಿಗೆ ಸಿಕ್ಕಿಸುವುದು, ಬಾಯಲ್ಲೇ ಮಗ್ಗ ಓಡಿಸಿ ಟಪ್ ಎಂದು ನಿಲ್ಲಿಸುವುದು. ಅತ್ತೆಯ ಮಗಳು ಶೈಲಕ್ಕನ ಮದುವೆಯಲ್ಲಿ ಅತ್ತೆಯ ಎದುರೇ ಮಾಡಿದೆ. ಜನ ನಕ್ಕರು, ಅತ್ತೆಯೂ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಹತ್ತಿರ ಬಂದು, "ನಡಿಗೆ ಎಲ್ಲಾ ಚೆನ್ನಾಗಿ ಮಾಡ್ದೆ ಕಣೋ. ಆದ್ರೆ ನಿನ್ನ ಮಗ್ಗದಲ್ಲಿ ಎಳೆ ಕಡಿದಿದೆ. ನಿಲ್ಲಿಸಿ ಕಟ್ಬೇಕಿತ್ತು, ನೀನು ಓಡಿಸ್ತಾನೇ ಇದ್ದೆ" ಅಂದರು. ದೊಡ್ಡ ಕಲಾವಿದರಿಗೆ ಇಂಥ ಟೀಕೆ ಸಹಜವೆಂದು ಕ್ಷಮಿಸಿಬಿಟ್ಟೆ.

ಆಗ ನಾನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೀರೆ ಅಂಗಡಿಗೆ ಸೇಲ್ಸ್‌ಮನ್ ಆಗಿ ಸೇರಿದ್ದೆ. ಈಗಲೂ ಅಲ್ಲೇ ಇದ್ದೇನೆ. ಬೆಳಗಿನಿಂದ "ಬನ್ನಿ ಅಕ್ಕಾ, ಒಳಗಡೆ ಬನ್ನಿ, ನೋಡೋಕೆ ದುಡ್ಡು ಕೊಡ್ಬೇಕಾ" ಎಂದು ಕೂಗುವುದು, ಸಂಜೆ ಇಮ್ರಾನ್ ಭಾಯ್ ಕಳಿಸಿದ ಸ್ಟೇಜಿನಲ್ಲಿ ಕೂಗುವುದು. ಆ ವರ್ಷದ ಗಣೇಶನ ಸೀಸನ್ನಿನಲ್ಲಿ ಒಂದು ಸಂಜೆಯನ್ನೂ ಬಿಡಲಿಲ್ಲ. ಬೈಕಿನ ಮೇಲೆ ಊಟ, ಬೈಕಿನ ಮೇಲೆ ಪ್ರಾಕ್ಟೀಸು. ಯಾರ ದನಿಯಲ್ಲಿ ಮಾತಾಡುತ್ತಿದ್ದೇನೆಂದು ನನಗೇ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಅಂಗಡಿ ಓನರಿನ ಗಂಟಲಿನಲ್ಲೇ ಅನ್ನ ಕೇಳಿದೆನಂತೆ. ಅಮ್ಮ ಸೌಟು ಹಿಡಿದು ನಿಂತು, "ನೀವು ಯಾರಪ್ಪಾ? ನನ್ನ ಮಗ ಬಂದ್ಮೇಲೆ ಬಡಿಸ್ತೀನಿ" ಅಂದರು. ನಾನು ಅದನ್ನೂ ಹೊಗಳಿಕೆ ಎಂದುಕೊಂಡೆ.

ನಮ್ಮ ತಾಲೂಕಿನದೇ ಮಧುರೆ ಎಂಬ ಊರಿನ ಗಣೇಶನ ಮುಂದೆ, ಹುಂಜ ಕೂಗುವ ಐಟಮ್ಮಿಗೆ ಎದೆ ಉಬ್ಬಿಸಿ ಬಾಯಿ ತೆರೆದರೆ ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದೆ. ಸೈಕಲ್ ಟ್ಯೂಬಿನ ಸದ್ದು. ಜನ ಅದನ್ನು ಶೀತವಾದ ಹುಂಜ ಎಂದುಕೊಂಡು ಚಪ್ಪಾಳೆ ಹೊಡೆದರು, ಒನ್ಸ್ ಮೋರ್ ಅಂದರು. ನನ್ನ ಜೀವನದ ಅತಿ ದೊಡ್ಡ ಚಪ್ಪಾಳೆ ಅದು. ಸ್ಟೇಜಿನ ಹಿಂದೆ ಹೋಗಿ ಅತ್ತರೆ, ಅಳುವ ಸದ್ದೂ ಬರಲಿಲ್ಲ.

ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಮೂರು ವಾರ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು ಅಂದರು. ಆಮೇಲೆ ಮೊದಲಿನ ಹಾಗೆ ಬರುತ್ತದೆಯೇ ಎಂದು ಚೀಟಿಯಲ್ಲಿ ಬರೆದು ಕೇಳಿದೆ. ನೋಡೋಣ ಅಂದರು. ಆ 'ನೋಡೋಣ'ವನ್ನು ಅವರದೇ ದನಿಯಲ್ಲಿ ಮನಸ್ಸಿನೊಳಗೆ ಎಷ್ಟು ಸಲ ಅಣಕಿಸಿದರೂ ಅದರ ಭಯ ಕಮ್ಮಿಯಾಗಲಿಲ್ಲ. ದನಿ ಹೋದರೆ ನಾನು ಉಳಿಯುವುದೇನು? ಎರಡು ಕಿವಿ, ಒಂದು ಬೈಕು. ಮೂಕ ಸೇಲ್ಸ್‌ಮನ್ನನ್ನು ಇಟ್ಟುಕೊಂಡು ಏನು ಮಾಡುವುದೆಂದು ಓನರು ರಜೆ ಕೊಟ್ಟರು. ಮನೆಯಲ್ಲಿ ಕೂರಿಸಿದರೆ ನಾನು ಬಾಯಿ ಬಿಡದೆ ಇರುವವನಲ್ಲ. ಅದು ಅತ್ತೆಗೆ ಗೊತ್ತಿತ್ತು. "ನಮ್ಮ ಶೆಡ್ಡಿಗೆ ಕಳ್ಸಿ ಅತ್ತಿಗೆ. ಅಲ್ಲಿ ಬಾಯಿ ಇರೋರೂ ಮೂಕರೇ" ಎಂದು ಅಮ್ಮನಿಗೆ ಹೇಳಿ ಕರೆದುಕೊಂಡು ಹೋದರು.

ಅದು ನಿಜ. ನಾಲ್ಕು ಮಗ್ಗ ಓಡುವಾಗ ಯಾವ ಗಂಟಲೂ ನಡೆಯುವುದಿಲ್ಲ. ಅತ್ತೆ ಒಂದು ಮೂಲೆಯಲ್ಲಿ, ಕೆಲಸಕ್ಕೆ ಬರುವ ಗೌರಕ್ಕ ಇನ್ನೊಂದು ಮೂಲೆಯಲ್ಲಿ ನಿಂತು, ಸದ್ದೇ ಇಲ್ಲದೆ ತುಟಿ ಆಡಿಸಿ ಇಡೀ ದಿನ ಹರಟುತ್ತಾರೆ. ಹುಬ್ಬು ಹಾರಿಸಿದರೆ ಪ್ರಶ್ನೆ, ಗಲ್ಲ ತಿರುಗಿಸಿದರೆ ಚಾಡಿ. ಸಾಹುಕಾರರು ಬಾಗಿಲಲ್ಲಿ ನಿಂತಿರುವಾಗಲೇ ಗೌರಕ್ಕ ಅವರ ಹೊಟ್ಟೆಯ ವಿಷಯ ಪೂರ್ತಿ ಮಾತಾಡಿ ಮುಗಿಸಿದಳು; ಅವರು ನಗುತ್ತಾ ತಲೆಯಾಡಿಸಿ ಹೋದರು. ಜಿಲ್ಲೆಯಲ್ಲೇ ದೊಡ್ಡ ಮಿಮಿಕ್ರಿ ಕಲಾವಿದ ನಾನು ಎಂದುಕೊಂಡಿದ್ದವನು ಮೂಲೆಯಲ್ಲಿ ಕೂತು, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ ಕಣ್ಣು ಬಿಟ್ಟು ನೋಡಿದೆ.

ಕೆಲವು ದಿನ ಕಳೆದ ಮೇಲೆ ಕಿವಿಯೂ ತೆರೆಯಿತು. ಅಲ್ಲಿಯವರೆಗೆ ನನಗೆ ಮಗ್ಗವೆಂದರೆ ಒಂದೇ ಸದ್ದು. ಮೂರನೆಯ ಮಗ್ಗ ಸ್ವಲ್ಪ ಕುಂಟುತ್ತದೆ, ನಾಲ್ಕನೆಯದು ಮೂಗಿನಲ್ಲಿ ಮಾತಾಡುತ್ತದೆ ಎಂದು ಆಗ ಗೊತ್ತಾಯಿತು. ಅತ್ತೆ ಬೆನ್ನು ತಿರುಗಿಸಿ ನಿಂತಿದ್ದರೂ, ಎಲ್ಲೋ ಒಂದು ಎಳೆ ಕಡಿದ ಕೂಡಲೇ ಹೋಗಿ ಆ ಮಗ್ಗವನ್ನೇ ನಿಲ್ಲಿಸುತ್ತಿದ್ದರು. ಎಳೆ ಕಟ್ಟಿ ಮತ್ತೆ ಬಿಡುತ್ತಿದ್ದರು. ಆ ಗದ್ದಲದಲ್ಲಿ ಅವರಿಗೆ ಕೇಳಿಸಿದ್ದೇನೆಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು: ಖಟಪಟದ ತಾಳದಲ್ಲಿ ಬರುವ ಒಂದು ಸಣ್ಣ ತೊದಲು. ನನ್ನ ಹಿಟ್ ಐಟಮ್ಮಿನ ಮಗ್ಗದಲ್ಲಿ ನಿಜಕ್ಕೂ ಎಳೆ ಕಡಿದಿತ್ತು.

ಐದೂವರೆಗೆ ಸ್ವಿಚ್ಚು ಎಳೆದು ಜಗಲಿಗೆ ಬಂದಾಗ ನನಗೂ ಒಂದು ಲೋಟ ಟೀ. ಯಾಕೆ ಐದೂವರೆ ಎಂದು ಒಂದು ಸಂಜೆ ಶೆಡ್ಡಿನ ಭಾಷೆಯಲ್ಲೇ, ತುಟಿಯಲ್ಲಿ ಕೇಳಿದೆ. ಅತ್ತೆ ಟೀ ಆರಿಸಿಕೊಳ್ಳುತ್ತಾ ಹೇಳಿದರು. ಶೈಲಕ್ಕ ಮಗುವಾಗಿದ್ದಾಗ ಶೆಡ್ಡಿನಲ್ಲೇ ತೊಟ್ಟಿಲು ಕಟ್ಟಿದ್ದರಂತೆ. ಬೆಳೆದದ್ದೂ ಮಗ್ಗದ ಸಂದಿಯಲ್ಲೇ. ಶಾಲೆಗೆ ಸೇರಿಸಿದ ವಾರ ಮೇಷ್ಟ್ರು ಕರೆಸಿದರು. "ಹೆಸರು ಕೇಳಿದ್ರೆ ತುಟಿ ಮಾತ್ರ ಆಡಿಸ್ತಾಳೆ, ಮಗು ಮೂಗೀನಾ ಅಂತ ಕೇಳಿದ್ರು ಕಣೋ. ಮಾತು ಅಂದ್ರೆ ಅಷ್ಟೇ ಅಂದ್ಕೊಂಡಿತ್ತು ಅದು. ನಾನೇ ಸದ್ದು ಮಾಡಿ ಮಾತಾಡಿರ್ಲಿಲ್ಲ, ಮಗು ಎಲ್ಲಿ ಕಲೀತದೆ?" ಅಂದರು. ಅವತ್ತೇ ಸಂಜೆ ಐದೂವರೆಗೆ, ಶಾಲೆಯಿಂದ ಬಂದ ಮಗಳು ಹಾಲು ಕುಡಿದು ಮುಗಿಸಿದ ಹೊತ್ತಿಗೆ ಮಗ್ಗ ನಿಲ್ಲಿಸಿ, ಅವಳನ್ನು ಇದೇ ಜಗಲಿಯ ಮೇಲೆ ಕೂರಿಸಿಕೊಂಡು ಮಾತಾಡಿದರಂತೆ. ಮಾವ, ಸಾಹುಕಾರರು, ಬೀದಿಯವರು ಎಲ್ಲರೂ ಬೈದರು. ಐದೂವರೆ ಆದ ಮೇಲೆ ಮಾತ್ರ ಸ್ವಿಚ್ಚು ಯಾವತ್ತೂ ಮೇಲೇರಲಿಲ್ಲ. ಶೈಲಕ್ಕ ಈಗ ನೆಲಮಂಗಲದಲ್ಲಿ ಟೀಚರ್. ಅವಳನ್ನು ನಿಲ್ಲಿಸುವ ಸ್ವಿಚ್ಚು ನಮ್ಮ ಭಾವನಿಗೆ ಇನ್ನೂ ಸಿಕ್ಕಿಲ್ಲ.

"ಅವಳು ಹೋದ್ಮೇಲೂ ಯಾಕೆ ನಿಲ್ಲಿಸ್ತೀರಿ?" ಎಂದು ತುಟಿಯಲ್ಲೇ ಕೇಳಿದೆ.

"ನಾನು ಇದ್ದೀನಲ್ಲೋ" ಅಂದರು ಅತ್ತೆ.

ಅಂಥ ಅತ್ತೆಯ ಕೈಗೆ ಇಲ್ಲದ ಫೈಲು ಕೊಟ್ಟು ಊರೆಲ್ಲ ಓಡಾಡಿಸಿದ್ದೆ ನಾನು. ಅವತ್ತು ಎರಡೂ ಲೋಟ ನಾನೇ ತೊಳೆದಿಟ್ಟೆ.

ಮೂರು ವಾರ ತುಂಬಿದ ದಿನ ಅದೇ ಜಗಲಿಯಲ್ಲಿ, ಮಗ್ಗ ನಿಂತ ಮೇಲೆ, ಹೆದರುತ್ತಾ "ಅತ್ತೆ" ಅಂದೆ. ಬಂತು. ಒರಟಾಗಿ, ಯಾರನ್ನೂ ಅಣಕಿಸದೆ, ನನ್ನದೇ ದನಿ ಬಂತು. ಎಷ್ಟೋ ದಿನದಿಂದ ಕೇಳಿರಲಿಲ್ಲ ಅದನ್ನು. ಒಳಗಿದ್ದ ಗೌರಕ್ಕ, ಯಾರೋ ಹೊಸಬರು ಬಂದಿದ್ದಾರೆ ಎಂದು ಇಣುಕಿ ನೋಡಿದಳು.

ಅಂದಿನಿಂದ ಸ್ಟೇಜು ಶನಿವಾರ, ಭಾನುವಾರ ಮಾತ್ರ. ಇಮ್ರಾನ್ ಭಾಯ್ ಮೊದಮೊದಲು ಬೈದರು, ಈಗ ಎಲ್ಲರಿಗೂ "ನಮ್ಮ ಹುಡುಗ ವಾರಕ್ಕೆ ಎರಡೇ ದಿನ ಸಿಗೋದು" ಎಂದು ಅದನ್ನೇ ದೊಡ್ಡಸ್ತಿಕೆಯಾಗಿ ಹೇಳಿಕೊಳ್ಳುತ್ತಾರೆ. ಆಫೀಸರಮ್ಮನ ಐಟಂ ತೆಗೆದುಹಾಕಿದೆ. ಅದರ ಜಾಗದಲ್ಲಿ ಶೆಡ್ಡಿನ ಐಟಂ ಬಂದಿದೆ: ಮೊದಲು ಬಾಯಲ್ಲಿ ನಾಲ್ಕು ಮಗ್ಗ, ಆಮೇಲೆ ಮೈಕು ಪಕ್ಕಕ್ಕಿಟ್ಟು, ಇಬ್ಬರು ಹೆಂಗಸರು ಸದ್ದಿಲ್ಲದೆ ಆಡುವ ಹರಟೆ. ಮಗ್ಗದವರ ಊರುಗಳಲ್ಲಿ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಜಂಬ ಎನ್ನಿ ಬೇಕಾದರೆ; ಇದೊಂದು ಜಂಬವನ್ನು ನಾನು ಅಣಕಿಸುವುದಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಐದು ಮುಕ್ಕಾಲು. ಬಾಗಿಲಲ್ಲಿದ್ದವರೆಲ್ಲ ಒಳಗೆ ಓಡಿದರು, ಬೀದಿ ಮತ್ತೆ ಖಟಪಟ ಎಂದಿತು. ಅತ್ತೆ ಏಳಲಿಲ್ಲ. ಇಮ್ರಾನ್ ಭಾಯ್ ಮತ್ತೆ ಫೋನು ಮಾಡಿದರು. ಎತ್ತಿ, ಶನಿವಾರ ಸಿಗೋಣ ಎಂದು ಹೇಳಿ ಜೇಬಿಗಿಟ್ಟೆ. ಬೀದಿಯ ಆ ಕಡೆಯಿಂದ, ಅಷ್ಟು ಗದ್ದಲದ ನಡುವೆ, ಅತ್ತೆ ಹುಬ್ಬು ಹಾರಿಸಿ ನನ್ನನ್ನು ನೋಡಿದರು. ತುಟಿ ಆಡಿತು, ಸದ್ದಿಲ್ಲ.

"ಈ ಸಲ ನಿನ್ನ ಎಳೆ ಕಡಿದಿಲ್ಲ" ಅಂದರು.

ಅವರ ಜಗಲಿಯಲ್ಲಿ ಟೀ ಕುಡಿಯಲು ನನ್ನ ಲೋಟ ತೆಗೆದುಕೊಂಡು ಬರೋಣವೆಂದು ನಾನು ಮನೆಯೊಳಗೆ ಹೋದೆ.