ಮೇಲಿನ ಗೆರೆಯಿಂದ ಇಳಿದ ಅಕ್ಷರ

ನಮ್ಮ ಮಾಸ್ಟ್ರ ಬಲಮೊಣಕಾಲು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಎರಡೇ ಸಲ. ಕೂತರೆ ಸಾಕು, ಅದು ಕುಣಿಯುತ್ತಿತ್ತು. ಕಿಸೆಯಲ್ಲಿದ್ದ ಬೀಗದ ಕೈಗೊಂಚಲು ಕಿಣಿಕಿಣಿ ಅನ್ನುತ್ತಿತ್ತು. ಹಂಪನಕಟ್ಟೆಯ ಅವರ ಟೈಪಿಂಗ್ ಕ್ಲಾಸಿನಲ್ಲಿ ಅಷ್ಟೂ ಮಿಷನ್ನು ಒಟ್ಟಿಗೆ ಬಡಿದರೂ ಆ ಸದ್ದು ಬೇರೆಯಾಗಿ ಕೇಳುತ್ತಿತ್ತು. ಚಾ ಕೂಡ ಅರ್ಧ ಕುಡಿದು ಎದ್ದುಬಿಡುತ್ತಿದ್ದರು, ಉಳಿದರ್ಧ ನೊಣಗಳಿಗೆ.

ಅವರ ಮನೆಯವರದೆಲ್ಲ ಹೋಟೆಲು. ಇವರು ಮಾತ್ರ ಎಂಬತ್ತರ ದಶಕದ ನಡುವೆ ಒಂದು ಕಂಪ್ಯೂಟರ್ ತಂದಿಟ್ಟರು. "ಇದರಲ್ಲಿ ಇಡ್ಲಿ ಬೇಯ್ತದಾ?" ಎಂದು ಅಣ್ಣ ಕೇಳಿದರೆ, "ನಿನ್ನ ಇಡ್ಲಿ ಹೋಟೆಲಿನಲ್ಲೂ ಬೇಯುವುದಿಲ್ಲ" ಎಂದವರು. ಟೈಪಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಯಾರಿಗೂ ಬೇಡವಾಗಿದ್ದ ನನ್ನನ್ನು ಆ ಕಂಪ್ಯೂಟರಿನ ಪಕ್ಕ ಕೂರಿಸಿದರು.

ಒಂದು ದಿನ ಬೈಲಕುಪ್ಪೆಯ ಟಿಬೆಟನ್ ಸನ್ಯಾಸಿಯೊಬ್ಬ ಬಂದ. ಚಿಕ್ಕ ಪ್ರಾಯ, ನಮಗಿಂತ ಸರಾಗವಾದ ಕನ್ನಡ. ಅವನ ಗುರುಗಳಿಗೆ ಇಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು.

"ನಾವು ಸತ್ಮೇಲೆ ನಮ್ಮ ಅಕ್ಷರ ಯಾರಿಗೆ ಬೇಕು ಅಂತ ಗುರುಗಳು ಕೊರಗ್ತಾರೆ ಸಾರ್. ಶುಕ್ರವಾರ ಕಣ್ಣಿನ ಪಟ್ಟಿ ಬಿಚ್ಚಿದಾಗ, ಮಿಷನ್ನಿಂದ ಬಂದ ನಮ್ಮ ಅಕ್ಷರಾನೇ ಅವರು ಮೊದಲು ನೋಡ್ಬೇಕು."

ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಒಂದೇ. ಬೇರೆ ಲಿಪಿ ಬೇಕಿದ್ದರೆ ಒಂದೊಂದು ಅಕ್ಷರವನ್ನೂ ಹಾಳೆಯ ಚೌಕಗಳಲ್ಲಿ ಪೆನ್ಸಿಲಿನಿಂದ ಚುಕ್ಕಿಯಾಗಿ ತುಂಬಿ, ಹಾಗೆಯೇ ಕಂಪ್ಯೂಟರಿಗೆ ಹಾಕಿ, ಅದಕ್ಕೊಂದು ನಂಬರು ಕೊಡಬೇಕು. ಆ ನಂಬರು ಒತ್ತಿದರೆ ಆ ಅಕ್ಷರ ಬರುತ್ತದೆ. ಹುಡುಗ ಅವರ ಲಿಪಿಯ ಮೂವತ್ತು ಅಕ್ಷರಗಳನ್ನೂ, ಅದರ ಕೆಳಗೆ 'ಓಂ ಮಣಿ ಪದ್ಮೇ ಹೂಂ' ಮಂತ್ರವನ್ನೂ ಬರೆದು, 'ದ್ಮೇ'ಯಲ್ಲಿ ದಕಾರದ ಕೆಳಗೆ ಮಕಾರ ಸೇರುವುದನ್ನು ತೋರಿಸಿದ. ಮಾಸ್ಟ್ರು ಕುರ್ಚಿಯಿಂದ ಹಾರಿದರು.

"ನಮ್ಮ ಹಾಗೆಯೇ ಒತ್ತಕ್ಷರ ಉಂಟು ಮಾರಾಯ್ತಿ! ಇವರು ನಮ್ಮವರೇ!"

ಆ ಖುಷಿಯಲ್ಲೇ ಎಡವಿದರು. ಕನ್ನಡದ ಅಕ್ಷರಗಳನ್ನು ಕೂರಿಸುವ ಹಾಗೆ ಅವರ ಮೂವತ್ತು ಅಕ್ಷರಗಳನ್ನೂ ಕೆಳಗಿನ ಗೆರೆಯ ಮೇಲೆ ಸಾಲಾಗಿ ಕೂರಿಸಿಬಿಟ್ಟರು. ಗುರುವಾರ ಮಧ್ಯಾಹ್ನ ಹುಡುಗ ಬಂದು ನೋಡಿದವನು ಕೆಳಗಿನ ಗೆರೆಯ ಮೇಲೆ ಬೆರಳಿಟ್ಟ.

"ಸಾರ್, ಇವೆಲ್ಲ ಕೂತ್ಬಿಟ್ಟಿವೆ. ನಮ್ಮಲ್ಲಿ ಎಲ್ಲ ಅಕ್ಷರದ ತಲೆಯೂ ಮೇಲೆ ಒಂದೇ ಗೆರೇಲಿರುತ್ತೆ. ಅಲ್ಲಿಂದ ಕೆಳಕ್ಕೆ ಇಳಿಯುತ್ತೆ."

ಮಾಸ್ಟ್ರು ಬಾಗಿಲಿಗೂ ಕಿಟಕಿಗೂ ನಡೆದದ್ದೇ ನಡೆದದ್ದು. ನನಗೆ ರೇಗಿತು. "ಮಂತ್ರದ್ದು ಮಾತ್ರ ಸರಿ ಮಾಡಿದರೆ ಸಾಕಲ್ವಾ ಮಾಸ್ಟ್ರೇ?"

"ಉಳಿದವು ಎಂತ ಪಾಪ ಮಾಡಿದ್ದಾವೆ?" ಎಂದು ಅಷ್ಟನ್ನೂ ಅಳಿಸಿಬಿಟ್ಟರು.

ಶುಕ್ರವಾರ ಬೆಳಿಗ್ಗೆ ನಾನು ಹೋಗುವಾಗ ಅವರ ಕಣ್ಣು ಕೆಂಪಾಗಿತ್ತು, ಪೆನ್ಸಿಲು ಚೌಕದಿಂದಾಚೆ ಜಾರುತ್ತಿತ್ತು. ಎಲ್ಲ ಆಗಿ 'ದ್ಮೇ' ಒಂದು ಉಳಿದಿತ್ತು. ಎಲ್ಲಿಂದ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಒಂದೊಂದೇ ಚೌಕ ತೋರಿಸಿ ಪೆನ್ಸಿಲನ್ನು ನನಗೆ ಕೊಟ್ಟರು. "ನೀನು ತುಂಬು. ನನ್ನದು ಕೈಯಲ್ಲ, ಸಿಟಿ ಬಸ್ಸಿನ ಗೇರು."

ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ ಗುರುಗಳಿಗೆ ದಪ್ಪ ಗಾಜಿನ ಕನ್ನಡಕ ಹಾಕಿಸಿದ್ದರು. ಅವರು ನಮ್ಮ ಮಿಷನ್ನಿನಲ್ಲಿ ಅಚ್ಚಾದ ಕಾಗದ ಹಿಡಿದು ಮೇಲಿನ ಗೆರೆಯುದ್ದಕ್ಕೂ ಬೆರಳಾಡಿಸಿದರು. 'ದ್ಮೇ'ಯ ಬಳಿ ಬೆರಳು ನಿಂತು ಕೆಳಕ್ಕಿಳಿಯಿತು. ಕಾಗದವನ್ನು ಹಣೆಗೆ ಒತ್ತಿಕೊಂಡು ಏನೋ ಕೇಳಿದರು.

"ಇದನ್ನು ಬರೆದ ಕೈ ಯಾರದು ಅಂತಾರೆ," ಎಂದ ಹುಡುಗ.

ಬೆಂಚಿನ ಮೇಲೆ ಕುಣಿಯುತ್ತಿದ್ದ ಮಾಸ್ಟ್ರ ಮೊಣಕಾಲು ನಿಂತಿತು. "ಇವಳದ್ದು," ಎಂದು ನನ್ನತ್ತ ಕೈ ತೋರಿಸಿದರು. ಗುರುಗಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಅಲ್ಲ, ಅವರದ್ದು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ಕೈಯನ್ನು ಅಷ್ಟು ದೊಡ್ಡದು ಮಾಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಆ ಕೈಯ ಧೈರ್ಯದಲ್ಲೇ ಮುಂದೆ ಪ್ರೆಸ್ಸುಗಳಿಗೆ ಅಕ್ಷರ ಬಿಡಿಸಿ ಬದುಕಿದೆ. ಎರಡನೆಯ ಸಲ ಆ ಮೊಣಕಾಲು ಸುಮ್ಮನಿದ್ದದ್ದನ್ನು ಕಂಡದ್ದು ಕದ್ರಿಯ ಅವರ ಮನೆಯ ಚಾವಡಿಯಲ್ಲಿ, ಬಿಳಿ ಬಟ್ಟೆಯ ಕೆಳಗೆ. ಹತ್ತಿರ ಕೂತು ಮೆಲ್ಲಗೆ ಹೇಳಿದೆ: "ಅದು ನಿಮ್ಮದೇ ಮಾಸ್ಟ್ರೇ. ನಾನು ಚುಕ್ಕಿ ತುಂಬಿದ್ದು, ಅಷ್ಟೇ."